ಸೀಸವೇ ಆಗಿರಲಿ

ವೆಲ್ಕರ್‌ಟನ್ನಿನಲ್ಲಿ ಯಾರ ಮನೆಯ ಮೂಲೆಯಲ್ಲಿ ಹಳೆಯ ಸೀಸದ ಚೂರು ಸಿಕ್ಕಿದರೂ ಜನ ಎರ್ವಿನ್ ಕೋಸಿಕನಿಗೆ ಫೋನ್ ಮಾಡುತ್ತಾರೆ. ಉಕ್ಕಿನ ಕಾರ್ಖಾನೆ ಮುಚ್ಚಿ, ಒಹಾಯೊದ ಆ ಊರು ಅರ್ಧ ಖಾಲಿಯಾದ ಮೇಲೂ ಈ ವಾಡಿಕೆ ನಿಂತಿಲ್ಲ. ಎಪ್ಪತ್ತನಾಲ್ಕರ ಎರ್ವಿನ್ ತನ್ನ ಬಂದೂಕಿನ ಗುಂಡುಗಳನ್ನು ತಾನೇ ಎರಕ ಹೊಯ್ದುಕೊಳ್ಳುವವನು. ಅಂಗಡಿಯ ಗುಂಡು ಕೊಳ್ಳುವವರನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ಇನ್ನು ದುಡ್ಡು ಕೊಟ್ಟು ಸೀಸದ ಗಟ್ಟಿ ಕೊಳ್ಳುವವರನ್ನಂತೂ ಅವನು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ.

ಹಿಂದೆ ಇದೆಲ್ಲ ಸುಲಭವಿತ್ತು. ಟೈರ್ ಅಂಗಡಿಯವರು ಚಕ್ರದ ಅಂಚಿಗೆ ಸಿಕ್ಕಿಸುವ ಸೀಸದ ತೂಕದ ಬಿಲ್ಲೆಗಳನ್ನು ಬಕೆಟ್ಟುಗಟ್ಟಲೆ ಪುಕ್ಕಟೆ ಕೊಡುತ್ತಿದ್ದರು. ಈಗ ಆ ಬಿಲ್ಲೆಗಳಲ್ಲಿ ಮುಕ್ಕಾಲು ಪಾಲು ಉಕ್ಕು, ಇಲ್ಲವೇ ಸತು. ಕಣ್ತಪ್ಪಿ ಒಂದೆರಡು ಸತುವಿನ ಬಿಲ್ಲೆ ಪಾತ್ರೆಗೆ ಬಿದ್ದರೂ ಕರಗಿದ ಸೀಸವೆಲ್ಲ ಗಂಜಿಯಾಗಿ, ಒಂದು ದಿನದ ಕೆಲಸ ಮಣ್ಣುಪಾಲು. ಅದಕ್ಕೆ ಎರ್ವಿನ್ ಒಂದೊಂದು ಬಿಲ್ಲೆಯನ್ನೂ ಇಕ್ಕಳದಲ್ಲಿ ಕಚ್ಚಿ ನೋಡುತ್ತಾನೆ. ಇಕ್ಕಳದ ಹಲ್ಲು ಇಳಿದರೆ ಸೀಸ, ಜಾರಿದರೆ ಕಸ. ಮುಚ್ಚಿಹೋದ ಪತ್ರಿಕೆಯ ಅಚ್ಚುಮೊಳೆ, ಇಗರ್ಜಿಯ ಸೂರಿನಿಂದ ಕಿತ್ತ ಸೀಸದ ಹಾಳೆ, ಗುರಿಯಿಟ್ಟು ಗುಂಡು ಹಾರಿಸುವ ಚಾಂದಮಾರಿ ದಿಬ್ಬದ ಮಣ್ಣನ್ನು ಜರಡಿ ಹಿಡಿದು ತೆಗೆದ ಹಳೆಯ ಗುಂಡುಗಳು, ಹೀಗೆ ಅವನು ಕೈಯಿಡದ ಜಾಗವಿಲ್ಲ. ಐವತ್ತು ವರ್ಷ ಇದೇ ಬದುಕು.

ಆ ವಸಂತದಲ್ಲಿ ಲಾರ್ಚ್ ಬೀದಿಯ ಪ್ರತಿ ಮನೆಗೂ ನಗರಸಭೆಯಿಂದ ಒಂದು ಕಾಗದ ಬಂತು. ನಿಮ್ಮ ಮನೆಗೆ ನೀರು ತರುವ ನೆಲದಡಿಯ ಕೊಳವೆ ಸೀಸದ್ದಾಗಿರಬಹುದು, ನಮ್ಮವರು ಬಂದು ಅಗೆದು ನೋಡುತ್ತಾರೆ, ಸೀಸವಾಗಿದ್ದರೆ ಬದಲಾಯಿಸುತ್ತೇವೆ, ಅಲ್ಲಿಯವರೆಗೆ ಚಿಕ್ಕ ಮಕ್ಕಳಿಗೆ ನಲ್ಲಿಯ ನೀರು ಕುಡಿಸಬೇಡಿ ಎಂದು ಬರೆದಿತ್ತು. ಬೀದಿಯ ಜನ ಬೆದರಿಹೋದರು. ಎರ್ವಿನ್ ಮಾತ್ರ ಆ ಕಾಗದವನ್ನು ನಾಲ್ಕು ಸಲ ಓದಿದ.

ಪಕ್ಕದ ಮನೆಯ ರಾಸ್ಕೋ ಟಿಬ್ಸ್, ಬಸ್ಸು ಓಡಿಸಿ ನಿವೃತ್ತನಾದ ಒಂಟಿ ಜೀವ, ಬೇಲಿಯ ಮೇಲೆ ಮೊಣಕೈ ಊರಿ ಕಿಚಾಯಿಸಿದ.

"ಊರವರೆಲ್ಲ ಸೀಸ ಇರಬಾರ್ದಪ್ಪಾ ದೇವ್ರೇ ಅಂತಿದಾರೆ. ನೀನೊಬ್ಬ ಇರ್ಲಿ ಅಂತ ಬೇಡ್ಕೋತಿದೀಯ. ನಾಚಿಕೆ ಆಗಲ್ವೇನೋ ಮುದುಕಾ."

"ಇರ್ಲಿ ಅಂತ್ಲೇ ಬೇಡ್ಕೋತಿದೀನಿ" ಎಂದ ಎರ್ವಿನ್.

"ಸತ್ತು ಸ್ವರ್ಗಕ್ಕೋದ್ರೂ ಬಾಗಿಲ ಕೀಲು ಯಾವ ಲೋಹದ್ದು ಅಂತ ಇಕ್ಕಳದಲ್ಲಿ ಕಚ್ಚಿ ನೋಡ್ತೀಯ ನೀನು."

ರಾಸ್ಕೋ ನಕ್ಕ. ಎರ್ವಿನ್ನೂ ನಕ್ಕ. ಅವನ ಬೇಡಿಕೆಗೂ ಬಂದೂಕಿನ ಗುಂಡಿಗೂ ಸಂಬಂಧವೇ ಇರಲಿಲ್ಲ. ಆ ಮಾತನ್ನು ಅವನು ಯಾರ ಹತ್ತಿರ ಆಡಿಯಾನು?

ಎರ್ವಿನ್‌ಗೆ ಒಬ್ಬನೇ ಮಗ, ವೆಸ್. ನಲವತ್ತೆಂಟು ವರ್ಷ ವಯಸ್ಸು. ಷೂ ದಾರ ಕಟ್ಟಲು ಬರುವುದಿಲ್ಲ. ಒಂದು ಮಾತನ್ನು ಮೂರು ಸಲ ಹೇಳಬೇಕು, ನಾಲ್ಕನೆಯ ಸಲ ಹೇಳಿದರೆ ಅಳುತ್ತಾನೆ. ಇಡೀ ದಿನ ಟಿವಿಯಲ್ಲಿ ಹವಾಮಾನ ನೋಡಿ, ನಾಳೆ ಮಳೆಯೋ ಬಿಸಿಲೋ ಎಂದು ತಾಯಿಗೆ ಹೇಳುತ್ತಾನೆ, ಅದೂ ತಪ್ಪು ತಪ್ಪಾಗಿ. ಚಿಕ್ಕವನಿದ್ದಾಗ ತೋರಿಸಿದ ಡಾಕ್ಟರು, ಕೆಲವು ಮಕ್ಕಳು ಹೀಗೇ ಎಂದು ಕೈಚೆಲ್ಲಿದ್ದರು. ತಾಯಿ ಡೋರೀನ್‌ಗೆ ಆ ಉತ್ತರ ಸಾಲಲಿಲ್ಲ. ಏಳು ತಿಂಗಳ ಬಸುರಿಯಾಗಿದ್ದಾಗ ಅವಳು ಮಂಜುಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ದಳು. ಅದರಿಂದಲೇ ಆಯಿತು ಎಂದು ತೀರ್ಮಾನಿಸಿಕೊಂಡು, ಅಂದಿನಿಂದ ಇಂದಿನವರೆಗೆ ಅದನ್ನು ಎದೆಯ ಮೇಲಿಟ್ಟುಕೊಂಡೇ ಬದುಕಿದ್ದಳು. ಪ್ರತಿ ಭಾನುವಾರ ಇಗರ್ಜಿಯಲ್ಲಿ ಮೊಣಕಾಲೂರಿ ಅವಳು ಬೇಡುತ್ತಿದ್ದುದು ಆ ಒಂದು ತಪ್ಪಿಗೆ ಕ್ಷಮೆ.

ವೆಸ್ ಅಂಬೆಗಾಲಿಡುತ್ತಿದ್ದ ಚಳಿಗಾಲದಲ್ಲಿ, ಎರ್ವಿನ್ ಎರಕ ಹೊಯ್ಯುತ್ತಿದ್ದ ಹಿತ್ತಲ ಶೆಡ್ಡು ಹೆಪ್ಪುಗಟ್ಟಿ ಹೋಗಿತ್ತು. ಅವನು ಅಡುಗೆಮನೆಯ ಒಲೆಯ ಮೇಲೇ ಸೀಸ ಕರಗಿಸಿದ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಮೇಲೆ ತೇಲಿದ ಬೂದಿಯಂಥ ಕಿಟ್ಟವನ್ನು ಸೌಟಿನಿಂದ ತೆಗೆದು ಡಬ್ಬಕ್ಕೆ ಹಾಕುವಾಗ ಅದರ ಪುಡಿ ನೆಲಕ್ಕೆ ಉದುರುತ್ತಿತ್ತು. ಕೂಸು ಆ ನೆಲದಲ್ಲೇ ಹರಿದಾಡಿ, ಅದೇ ಬೆರಳನ್ನು ಬಾಯಿಗಿಡುತ್ತಿತ್ತು. ಮೂರು ಚಳಿಗಾಲ ಹೀಗೇ ನಡೆಯಿತು.

ವೆಸ್‌ಗೆ ಹದಿನಾರಾದಾಗ, ಬಂದೂಕು ಗುರಿಕಾರರ ಕ್ಲಬ್ಬಿನ ಗೋಡೆಗೆ ಯಾರೋ ಒಂದು ಹಾಳೆ ಅಂಟಿಸಿದ್ದರು. ಸೀಸದ ಪುಡಿ ಪುಟ್ಟ ಮಕ್ಕಳ ಮೆದುಳಿಗೆ ಏನು ಮಾಡುತ್ತದೆ ಎಂದು ಅದರಲ್ಲಿತ್ತು. ಎರ್ವಿನ್ ನಿಂತು ಓದಿದ. ಯಾರೂ ಇಲ್ಲದ್ದು ನೋಡಿ ಹಾಳೆಯನ್ನು ಕಿತ್ತು, ಮಡಚಿ, ಮನೆಗೆ ತಂದು ಸುಟ್ಟುಹಾಕಿದ. ಎರಕವನ್ನು ಮಾತ್ರ ಬಿಡಲಿಲ್ಲ. ಬಿಟ್ಟರೆ ಯಾಕೆ ಬಿಟ್ಟೆ ಎಂದು ಡೋರೀನ್ ಕೇಳುತ್ತಿದ್ದಳಲ್ಲ! ಆ ಹೆದರಿಕೆಯಲ್ಲೇ ಮೂವತ್ತು ವರ್ಷ ಊರೂರು ಅಲೆದು ಸೀಸ ಹೊತ್ತು ತಂದ. ಹೇಡಿತನ ಎಂದರೆ ಹೇಡಿತನವೇ, ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಈಗ ಈ ಕಾಗದ. ಕೊಳವೆ ಸೀಸದ್ದಾಗಿದ್ದರೆ ತಪ್ಪು ನೀರಿನದು. ಇಡೀ ಬೀದಿ ಕುಡಿದ ನೀರು, ಯಾರೋ ನೂರು ವರ್ಷದ ಹಿಂದೆ ಹೂತಿಟ್ಟ ಕೊಳವೆ. ತಪ್ಪು ಅವನದೂ ಅಲ್ಲ, ಡೋರೀನಳದೂ ಅಲ್ಲ. ಹಾಗೆ ಆಗಿದ್ದರೆ ಸಾಕು ಎಂದು ಎರ್ವಿನ್ ಆರು ವಾರ ಹಗಲೂ ಕಾದ, ಮಲಗಿದಲ್ಲೂ ಕಾದ.

ಮೇ ತಿಂಗಳ ಒಂದು ಬೆಳಿಗ್ಗೆ ಅಗೆಯುವವರು ಬಂದರು. ಮೊದಲು ರಾಸ್ಕೋನ ಅಂಗಳ. ನಾಲ್ಕಡಿ ಆಳದಲ್ಲಿ ಬೂದುಬಣ್ಣದ ಕೊಳವೆ ಕಂಡಿತು. ಮೇಸ್ತ್ರಿ ಚಾಕುವಿನಿಂದ ಗೀರಿದಾಗ ಬೆಳ್ಳಗೆ ಹೊಳೆಯಿತು. ಸೀಸ.

"ನಮ್ಮನೇಲಿ ಮಕ್ಕಳಿಲ್ಲ, ಕುಡಿದೋನು ನಾನೊಬ್ನೇ" ಎಂದ ರಾಸ್ಕೋ. "ನಂಗೆ ತಲೆ ಮೊದ್ಲೇ ಇರ್ಲಿಲ್ಲ, ಕಳ್ಕೊಂಡಿದ್ದು ಏನೂ ಇಲ್ಲ ಬಿಡು."

ಮೇಸ್ತ್ರಿಯನ್ನು ಕಾಡಿ ಬೇಡಿ ಮೊಳದುದ್ದದ ಒಂದು ತುಂಡನ್ನು ಇಸಿದುಕೊಂಡು ರಾಸ್ಕೋ ಎರ್ವಿನ್‌ನ ಕೈಗಿಟ್ಟ. ಎರ್ವಿನ್ ಅದನ್ನು ಸರಿಯಾಗಿ ನೋಡಲೂ ಇಲ್ಲ. ಒಂದೇ ಬೀದಿ, ಒಂದೇ ಕಾಲದ ಮನೆಗಳು, ಇವನದು ಸೀಸವಾದರೆ ತನ್ನದೂ ಸೀಸವೇ ಎಂದು ಅವನು ಆಗಲೇ ತನ್ನ ಅಂಗಳದ ಕಡೆ ನಡೆದಿದ್ದ.

ಅವನ ಅಂಗಳದಲ್ಲಿ ಅಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಮೇಸ್ತ್ರಿ ಗುಂಡಿಗಿಳಿದು, ಮಣ್ಣು ಒರೆಸಿ, ಗೀರಿ, ತಲೆಯೆತ್ತಿದ.

"ಅದೃಷ್ಟವಂತ್ರು ಯಜಮಾನ್ರೇ. ತಾಮ್ರ."

"ಸರಿಯಾಗಿ ನೋಡಪ್ಪ."

"ನೋಡಿದೆ. ಈ ಮನೆ ನೀವು ಯಾವಾಗ ತಗೊಂಡಿದ್ದು?"

"ಎಪ್ಪತ್ನಾಕನೇ ಇಸವೀಲಿ."

"ಹಂಗಾದ್ರೆ ನಿಮಗಿಂತ ಮುಂಚೆ ಇದ್ದೋರೇ ಹಾಕ್ಸಿದಾರೆ. ಅರವತ್ತೊಂದನೇ ಇಸವಿ ಅಂತ ನಮ್ಮ ದಾಖಲೇಲೂ ಇದೆ, ಆದ್ರೂ ಕಣ್ಣಾರೆ ನೋಡ್ಬೇಕು ಅಂತ ನಿಯಮ. ಈ ಮನೇಲಿ ನೀವು ಕುಡಿದಿದ್ದೆಲ್ಲ ಒಳ್ಳೇ ನೀರೇ."

ಎರ್ವಿನ್ ಗುಂಡಿಯೊಳಗೆ ಬಗ್ಗಿ ನೋಡಿದ. ಗೀರಿದ ಜಾಗ ಕೆಂಪಗೆ ಮಿನುಗುತ್ತಿತ್ತು. ಲೋಹ ಗುರುತಿಸುವುದರಲ್ಲಿ ಅವನಿಗಿಂತ ಬಲ್ಲವರು ಆ ಊರಿನಲ್ಲಿರಲಿಲ್ಲ. ರಾಸ್ಕೋ ಅವನ ಬೆನ್ನು ತಟ್ಟಿ, "ಅಯ್ಯೋ ಪಾಪ, ಪುಕ್ಕಟೆ ಸೀಸ ತಪ್ಪಿಹೋಯ್ತು" ಎಂದ. ಮೇಸ್ತ್ರಿ ಕೊಳವೆ ತಾಮ್ರದ್ದೆಂದು ಒಂದು ನೀಲಿ ಚೀಟಿ ಬರೆದುಕೊಟ್ಟು ಮುಂದಿನ ಮನೆಗೆ ಹೋದ.

ಎರ್ವಿನ್ ಹೊಸ್ತಿಲ ಹತ್ತಿರ ಎಷ್ಟು ಹೊತ್ತು ನಿಂತಿದ್ದನೋ. ಒಂದು ಕೈಯಲ್ಲಿ ನೀಲಿ ಚೀಟಿ, ಇನ್ನೊಂದರಲ್ಲಿ ರಾಸ್ಕೋ ಕೊಟ್ಟ ತುಂಡು. ತಪ್ಪು ತನ್ನದೇ ಎಂಬುದರಲ್ಲಿ ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ. ಆದರೆ ಡೋರೀನ್? ಅವಳ ಎದೆಯ ಮೇಲಿನದನ್ನಾದರೂ ಇಳಿಸಬಹುದಲ್ಲ ಎನಿಸಿತು. ಚೀಟಿಯನ್ನು ಚೂರುಚೂರು ಮಾಡಿ ಜೇಬಿಗೆ ಹಾಕಿಕೊಂಡ.

ಡೋರೀನ್‌ಗೆ ಮೊಣಕಾಲು ನೋವು, ಹೊರಗೆ ಬರುವುದು ಕಡಿಮೆ. ಅಡುಗೆಮನೆಯ ಮೇಜಿನ ಮುಂದೆ ಕೂತು ಕೋಸು ಹೆಚ್ಚುತ್ತಿದ್ದಳು. ಎರ್ವಿನ್ ಕೊಳವೆಯ ತುಂಡನ್ನು ಮೇಜಿನ ಮೇಲಿಟ್ಟು, ಚಾಕುವಿನಿಂದ ಗೀರಿ ತೋರಿಸಿದ.

"ನೋಡು. ಸೀಸ."

"ನಮ್ದಾ?"

"ನಮ್ದೇ. ಈಗ್ಲೇ ತೆಗೆದ್ರು. ವೆಸ್‌ಗೆ ಆಗಿದ್ದು ಇದರಿಂದ್ಲೇ, ಡೋರೀನ್. ನೀನು ಬಿದ್ದಿದ್ದಕ್ಕಲ್ಲ. ಯಾವತ್ತೂ ಅದಕ್ಕಲ್ಲ."

ಅವಳು ಚಾಕು ಕೆಳಗಿಟ್ಟಳು. ಹೊಳೆಯುವ ಗೀರಿನ ಮೇಲೆ ಹೆಬ್ಬೆರಳು ಆಡಿಸಿದಳು. ಅವಳ ಹೆಗಲು ನಿಧಾನವಾಗಿ ಕೆಳಗಿಳಿಯಿತು. ಮದುವೆಯಾದ ಹೊಸತರಲ್ಲಿ ಅವಳು ಹೀಗೆ ಕೂರುತ್ತಿದ್ದುದು ಎರ್ವಿನ್‌ಗೆ ನೆನಪಾಗಿ, ಸುಳ್ಳು ಹೇಳಿದ್ದೇ ಒಳ್ಳೆಯದಾಯಿತು ಎಂದುಕೊಂಡ.

"ನಂಗೆ ಎದೆಹಾಲು ಬರ್ಲಿಲ್ಲ" ಎಂದಳು ಡೋರೀನ್.

"ಏನು?"

"ಡಬ್ಬದ ಹಾಲಿನ ಪುಡಿ ಕಲಸ್ತಿದ್ದೆ. ಈ ನಲ್ಲಿ ನೀರಲ್ಲೇ. ದಿನಕ್ಕೆ ಆರು ಸಲ. ಅವನು ಬೇಡ ಅಂತ ಮುಖ ತಿರುಗಿಸಿದ್ರೂ ಬಿಡ್ತಿರ್ಲಿಲ್ಲ, ಪೂರ್ತಿ ಕುಡಿಸ್ತಿದ್ದೆ."

"ನಿಂಗೆ ಗೊತ್ತಿರ್ಲಿಲ್ಲ."

"ಬಿದ್ದಿದ್ದು ಒಂದ್ಸಲ, ಅದೂ ಕಾಲು ಜಾರಿ. ಇದನ್ನ ನನ್ನ ಕೈಯಾರೆ ಕೊಟ್ಟೆ, ಎರ್ವಿನ್. ಒಂದೂವರೆ ವರ್ಷ."

ಈಗಲಾದರೂ ನಿಜ ಹೇಳಬಹುದಿತ್ತು. ಹೇಳಿದರೆ ಮೂವತ್ತು ವರ್ಷ ಮುಚ್ಚಿಟ್ಟಿದ್ದನ್ನೂ ಸೇರಿಸಿ ಹೇಳಬೇಕಿತ್ತು, ಅದಕ್ಕೆ ಅವನಿಗೆ ಬಾಯಿ ಬರಲಿಲ್ಲ.

ಡೋರೀನ್ ಮೇಜು ಹಿಡಿದು ಎದ್ದು, ಬಾಗಿಲವರೆಗೆ ಹೋಗಿ ಮಗನನ್ನು ಕೂಗಿದಳು. ವೆಸ್ ಟಿವಿ ಬಿಟ್ಟು ಬಂದ. ಅವಳು ಅವನ ಎರಡೂ ಕೈ ಹಿಡಿದುಕೊಂಡಳು.

"ವೆಸ್, ಅಮ್ಮ ನಿಂಗೆ ಕೆಟ್ಟ ನೀರು ಕುಡಿಸಿಬಿಟ್ಲು ಕಣೋ. ನೀನು ಪಾಪು ಇದ್ದಾಗ. ಅಮ್ಮಂಗೆ ಗೊತ್ತಾಗ್ಲಿಲ್ಲ. ಅಮ್ಮನ್ನ ಕ್ಷಮಿಸ್ತೀಯಾ?"

ವೆಸ್‌ಗೆ ಅರ್ಥವಾಗಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಹೇಳಿದಳು. ಮೂರನೆಯ ಸಲಕ್ಕೆ ಅವನು ತಲೆಯಾಡಿಸಿದ.

"ಪರ್ವಾಗಿಲ್ಲಮ್ಮ" ಎಂದ. ಅವಳ ತಲೆ ಸವರಿದ. ಆಮೇಲೆ ತಂದೆಯ ಕಡೆ ತಿರುಗಿ, "ಅಪ್ಪಾ, ಅಮ್ಮನ್ನ ಬೈಬೇಡ" ಎಂದ.

"ಇಲ್ಲ, ಬೈಯಲ್ಲ" ಎಂದ ಎರ್ವಿನ್.