ಹೊಸ ಪಾವನಾಳ ಪರ ನಿಂತ ನೀಲವ್ವ

ಟಿವಿಯಲ್ಲಿ ಮಾವನವರು ಬಂದರೆ ನೀಲವ್ವ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಆಕೆಯ ಮಾವನಲ್ಲ, ಧಾರಾವಾಹಿಯ ನಾಯಕಿ ಪಾವನಾಳ ಮಾವ. ಅವರು ಸೋಫಾದ ಮೇಲೆ ಕೂತು ಪತ್ರಿಕೆ ಓದುವಷ್ಟು ಹೊತ್ತೂ ಸೆರಗು ತಲೆಯ ಮೇಲಿರುತ್ತಿತ್ತು. ಅವರು ಎದ್ದು ಒಳಗೆ ಹೋದರೆ ಮತ್ತೆ ಹೆಗಲಿಗೆ ಇಳಿಯುತ್ತಿತ್ತು. ಬೇಕೆಂದು ಮಾಡುತ್ತಿರಲಿಲ್ಲ, ಕೈ ತಾನೇ ಹೋಗುತ್ತಿತ್ತು. ಒಂದು ಸಲ ನಾನು ನಕ್ಕದ್ದಕ್ಕೆ, "ಹಿರೇ ಮನಶ್ಯಾ ಅದಾರಲ್ರಿ ಅಕ್ಕೋರ, ಅವ್ರ ಮುಂದ ಹೆಂಗ ಕುಂಡ್ರೂದು ಬರೇ ತಲೀಲೆ?" ಎಂದು ನನ್ನನ್ನೇ ದಬಾಯಿಸಿದಳು.

ಸಂಶಿಯ ಹೈಸ್ಕೂಲಿಗೆ ಗಣಿತ ಕಲಿಸಲು ಬಂದ ನಾನು ನೀಲವ್ವನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನಮ್ಮ ಕಡೆ ಶಿಕ್ಷಕಿಯಾದವಳು ಊರಿಗೆಲ್ಲ ಅಕ್ಕೋರು. ಶಾಲೆ ಬಿಡುವ ಹೊತ್ತಿಗೆ ನಾನು ಸೋತು ಸುಣ್ಣವಾಗಿರುತ್ತಿದ್ದೆ. ಪಾಠದಿಂದ ಅಷ್ಟಲ್ಲ, ಪಾಠದ ಫೋಟೋ ತೆಗೆದು ಮೇಲಿನವರಿಗೆ ಕಳಿಸುವ ಉಸಾಬರಿಯಿಂದ. ನೀಲವ್ವ ಹೊಲದಿಂದ ಬಂದು ದನಕ್ಕೆ ಮೇವು ಹಾಕಿ ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಏಳು ಗಂಟೆ. ಆಮೇಲೆ ಅರ್ಧ ತಾಸು ನಾವಿಬ್ಬರೂ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತುಬಿಡುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ, ನಾನು ಆ ಧಾರಾವಾಹಿ ನೋಡಿದ್ದು ಎದ್ದು ಹೋಗಲು ತ್ರಾಣವಿರಲಿಲ್ಲ ಎಂಬ ಕಾರಣಕ್ಕೆ. ಎದುರು ಮನೆಯ ಶಂಕ್ರವ್ವ ಮತ್ತು ಓಣಿಯ ಇನ್ನೂ ಇಬ್ಬರು ಮೂವರು ಹೆಂಗಸರು ಬಂದು ಸೇರುತ್ತಿದ್ದರು. ಅವರವರ ಮನೆಯ ಟಿವಿಗಳು ಗಂಡಸರ ಕೈಯಲ್ಲಿದ್ದವು.

ಕಥೆ ಎಲ್ಲ ಕಥೆಗಳ ಹಾಗೇ ಇತ್ತು. ದೊಡ್ಡ ಬಂಗಲೆ, ಬಡವರ ಮನೆಯಿಂದ ಬಂದ ಸೊಸೆ ಪಾವನಾ, ಕಾಡುವ ಅತ್ತೆ, ಯಾರು ಏನು ಹೇಳಿದರೂ ನಂಬುವ ಗಂಡ ಆಕಾಶ. ಉಳಿದ ಹೆಂಗಸರು ಅತ್ತೆಗೆ ಶಾಪ ಹಾಕುತ್ತಿದ್ದರೆ ನೀಲವ್ವನ ತಕರಾರೇ ಬೇರೆ. "ಇವ್ರಿಗೆ ದಣಿವಂಬೂದ ಇಲ್ಲೇನ್ರಿ? ಮುಂಜಾನೆದ್ದರೂ ಮಾರಿಗೆ ಬಣ್ಣ, ಮಲಗೂ ಮುಂದನೂ ಬಣ್ಣ. ಒಬ್ಬಾಕಿಯರ ಒಂದಿನಾ ನಡಾ ಹಿಡಕೊಂಡು ಉಸ್ಸಂತ ಕುಂತದ್ದು ಕಂಡೀರೇನು?" ಎನ್ನುತ್ತಿದ್ದಳು. ಅಳುವುದಕ್ಕೆ ಆಕೆಯ ವಿರೋಧವಿರಲಿಲ್ಲ. ಕೆಲಸ ಬಿಟ್ಟು ಅಳುವುದು ಮಾತ್ರ ಸೇರುತ್ತಿರಲಿಲ್ಲ. ಜಾಹೀರಾತು ಶುರುವಾದೊಡನೆ ಕೂತಲ್ಲೇ ನಿದ್ದೆ ಹೋಗಿ, ಮುಗಿದೊಡನೆ ಕಣ್ಣು ತೆರೆದು, "ಎಲ್ಲಿಗೆ ಬಂತ್ರಿ?" ಎಂದು ಕೇಳುತ್ತಿದ್ದಳು.

ಒಂದು ಸಂಜೆ ಆಕಾಶ ಹೆಂಡತಿಯ ಮೇಲಿನ ಸಿಟ್ಟಿಗೆ ಊಟದ ತಟ್ಟೆ ತಳ್ಳಿ ಎದ್ದ. ನೀಲವ್ವ ಕೂತಲ್ಲಿಂದಲೇ ಕೈ ಎತ್ತಿದಳು. "ಲೇ ಆಕಾಶ್ಯಾ, ಕುಂಡ್ರ ಲೇ! ಸಿಟ್ಟ ಹೆಂಡ್ತಿ ಮ್ಯಾಲ, ಅನ್ನ ಏನ ಮಾಡೇತಿ ನಿನಗ? ಮಾಡಿಟ್ಟಾಕಿ ಕೈ ಒಮ್ಮೆರ ನೋಡಿಯೇನು?" ಎಂದು ಗದರಿದ ದನಿಗೆ ಹೊರಗೆ ದನ ಬೆದರಿತು. ಆಕೆಯ ಗಂಡ ಫಕ್ಕೀರಪ್ಪ ಅದೇ ಪಡಸಾಲೆಯ ಮೂಲೆಯಲ್ಲಿ ಉಣ್ಣುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಅಂದು ತಾಟಿನಲ್ಲಿ ಒಂದಗುಳು ಬಿಡದೆ ಉಂಡು, ತಾಟು ತಾನೇ ತೊಳೆದಿಟ್ಟ.

ಚಳಿ ಮುಗಿಯುವ ಹೊತ್ತಿಗೆ ಕಥೆಯಲ್ಲಿ ಪಾವನಾಗೆ ಅಪಘಾತವಾಯಿತು. ತಲೆ, ಮುಖಕ್ಕೆಲ್ಲ ಪಟ್ಟಿ ಸುತ್ತಿ ಮಲಗಿಸಿದರು. ದಿನಾ ಸಂಜೆ ಪಟ್ಟಿ, ಪಟ್ಟಿಯ ಪಕ್ಕದಲ್ಲಿ ಅಳುವವರು. ನನಗೆ ಬೇಸರ ಹಿಡಿಯಿತು. ನೀಲವ್ವನಿಗೆ ಚಿಂತೆ ಹಿಡಿಯಿತು. ಆ ವಾರ ಶಂಕ್ರವ್ವ ಯಾವುದೋ ಹರಕೆ ತೀರಿಸಲು ಯಮನೂರಿನ ದರ್ಗಾಕ್ಕೆ ಹೊರಟಾಗ ಈಕೆಯೂ ಜೊತೆಗೆ ಹೋಗಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬಂದಳು. ಯಾರ ಹೆಸರಿನಲ್ಲಿ ಓದಬೇಕೆಂದು ಅಲ್ಲಿಯವರು ಕೇಳಿದರಂತೆ. "ಪಾವನಾ ಅಂದೆ. ಯಾರಾಗಬೇಕಂದ್ರು. ನಮ್ಮ ಹುಡುಗೀನ ರೀ, ದವಾಖಾನಿಯಾಗ ಅದಾಳ ಅಂದೆ. ಸುಳ್ಳೇನ್ರಿ ಅದು?" ಎಂದು ನನ್ನ ಅಂಗೈಗೂ ಒಂದು ಚಿಟಿಕೆ ಸಕ್ಕರೆ ಹಾಕಿದಳು. ನಾನು ತಿಂದೆ. ಯಾರ ಕಾಯಿಲೆಗೆ ತಿನ್ನುತ್ತಿದ್ದೇನೆಂದು ಕೇಳಿಕೊಳ್ಳುವಷ್ಟು ಉಮೇದೂ ನನ್ನಲ್ಲಿ ಉಳಿದಿರಲಿಲ್ಲ.

ಸಕ್ಕರೆ ಫಲ ಕೊಟ್ಟಿತು. ಯುಗಾದಿಯ ಸುಮಾರಿಗೆ ಪಾವನಾಗೆ ಎಚ್ಚರವಾಯಿತು. ಡಾಕ್ಟರು ಪಟ್ಟಿ ಬಿಚ್ಚಿದರು. ಒಳಗಿದ್ದದ್ದು ಬೇರೆ ಮುಖ! ಪರದೆಯ ಕೆಳಗೆ ಓಡಿದ ಸಾಲನ್ನು ನಾನೇ ಓದಿ ಹೇಳಿದೆ: ಇನ್ನು ಮುಂದೆ ಪಾವನಾಳ ಪಾತ್ರವನ್ನು ಹೊಸ ನಟಿ ಮಾಡುತ್ತಾಳೆ. ಪಡಸಾಲೆಯಲ್ಲಿ ಗದ್ದಲವೆದ್ದಿತು. "ಇಕಿ ಯಾರ ಬೇ?" ಎಂದು ಶಂಕ್ರವ್ವ ಎದ್ದೇ ನಿಂತಳು. ಇನ್ನು ಮುಂದೆ ಇದನ್ನು ನೋಡುವುದಿಲ್ಲ ಎಂದು ಸಾರಿ ಹೋದವಳು, ಮರುದಿನ ಎಂದಿಗಿಂತ ಮೊದಲೇ ಬಂದು ಕೂತಳು. "ನೋಡಾಕ ಅಲ್ಲ, ಬೈಯಾಕ ಬಂದೀನಿ" ಎಂದಳು.

ಅಂದಿನಿಂದ ಆ ಹೊಸ ಹುಡುಗಿ ಏನು ಮಾಡಿದರೂ ತಪ್ಪಾಯಿತು. ನಡೆದರೆ ಒಂಟೆಯ ನಡಿಗೆ, ಅತ್ತರೆ ಈರುಳ್ಳಿ ಹಚ್ಚಿಕೊಂಡ ಅಳು. ಎಲ್ಲರಿಗಿಂತ ಜೋರಾಗಿ ಬೈಯಬೇಕಿದ್ದ ನೀಲವ್ವ ಮಾತ್ರ ಬಾಯಿ ಬಿಡಲಿಲ್ಲ. ನಾಲ್ಕಾರು ದಿನ ಕೇಳಿಸಿಕೊಂಡಳು. ಕಡೆಗೊಂದು ದಿನ ಶಂಕ್ರವ್ವ, "ಮೊದಲಿನಾಕಿ ನಕ್ಕರ ಮನಿ ತುಂಬತಿತ್ತು. ಇಕಿ ಬರೇ ಸೀರಿ ಉಟ್ಟು ನಿಂತಾಳ ನೋಡು" ಎಂದಾಗ ನೀಲವ್ವ ತಿರುಗಿ ಕೂತಳು.

"ಮೊದಲಿನಾಕಿನ್ನ ಇಕಿ ಓಡಿಸ್ಯಾಳೇನು? ಬಾ ಅಂದ್ರು, ಬಂದಾಳ. ಮೊದಲಿನಾಕಿ ಸೀರಿ ಕೊಟ್ರು, ಉಟಗೊಂಡಾಳ. ನಗಬೇಕಂದ್ರ ನೀವ ಎಲ್ಲಿ ಜಾಗಾ ಕೊಟ್ಟೀರಿ ಇಕಿಗೆ?"

ಶಂಕ್ರವ್ವ ಮನೆಯಲ್ಲಿ ಹಾಲು ಕಾಯಿಸಲು ಇಟ್ಟು ಬಂದದ್ದು ನೆನಪಾದವಳಂತೆ ಎದ್ದು ಹೋದಳು. ಊರಿನವರಿಗೆಲ್ಲ ಗೊತ್ತಿದ್ದ ಸಂಗತಿ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಅದನ್ನು ನೀಲವ್ವನೇ ನನಗೆ ಹೇಳಿದಳು, ಭಾನುವಾರ ಮಧ್ಯಾಹ್ನ, ಕಡಲೆ ಹಸನು ಮಾಡುತ್ತಾ.

ಫಕ್ಕೀರಪ್ಪನ ಮೊದಲ ಹೆಂಡತಿ ಗೌರವ್ವ, ನೀಲವ್ವನ ಸ್ವಂತ ಅಕ್ಕ. ಮಗ ಮಂಜುನಾಥ ತೆವಳುವ ಕೂಸಾಗಿದ್ದಾಗ ಜ್ವರ ಬಂದು ತೀರಿಕೊಂಡಳು. ಕೂಸಿನ ಗತಿ ಏನು ಎಂದು ಎರಡೂ ಮನೆಯ ಹಿರಿಯರು ಮಾತಾಡಿ ತಂಗಿಯನ್ನೇ ತಂದು ಮದುವೆ ಮಾಡಿದರು. ಆಗ ಆಕೆಗೆ ಹದಿನೆಂಟೂ ತುಂಬಿರಲಿಲ್ಲ. ಮೊದಲ ಹೆಂಡತಿ ತೀರಿದ ಮನೆಗೆ ಬಂದವಳು ಸತ್ತವಳ ಹೆಸರಿನದೊಂದು ಬೆಳ್ಳಿ ಬಿಲ್ಲೆಯನ್ನು ತಾಳಿಯ ಜೊತೆ ಕಟ್ಟಿಕೊಳ್ಳುವ ಪದ್ಧತಿ ಇದೆ. ನೀಲವ್ವ ಅದನ್ನು ಸೆರಗಿನೊಳಗಿಂದ ತೆಗೆದು ತೋರಿಸಿದಳು. ಸವೆದು ನುಣ್ಣಗಾಗಿತ್ತು. ಸಾರು ಮಾಡಿದರೆ ಗೌರಿಯ ಸಾರು ಹೀಗಿರುತ್ತಿರಲಿಲ್ಲ ಎನ್ನುವರು, ರಂಗೋಲಿ ಹಾಕಿದರೆ ಗೌರಿಯ ಕೈಯೇ ಕೈ ಎನ್ನುವರು. ಅಕ್ಕ ಬದುಕಿದ್ದಾಗ ಆಕೆಯ ಸಾರನ್ನು ಯಾರೂ ಹೊಗಳಿದ್ದು ಈಕೆ ಕೇಳಿರಲಿಲ್ಲವಂತೆ. ಈಕೆಗೆ ಮಕ್ಕಳಾಗಲಿಲ್ಲ. ಇದ್ದ ಒಬ್ಬ ಮಂಜುನಾಥನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದಳು. ಗುಡಗೇರಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟು ರಾತ್ರಿ ತಡವಾಗಿ ಮನೆಗೆ ಬರುತ್ತಿದ್ದ ಅವನು ಒಳ್ಳೆಯ ಹುಡುಗ. ಚಿಗವ್ವ ನೋಡಲೆಂದು ಆ ಟಿವಿ ತಂದುಕೊಟ್ಟವನೂ ಅವನೇ. ಆದರೆ ಅವ್ವ ಎಂದು ಕರೆದವನಲ್ಲ. ಚಿಗವ್ವ ಎಂದರೆ ಅವ್ವನ ತಂಗಿ. ಸಣ್ಣವನಿದ್ದಾಗ ಮನೆಯ ಹಿರಿಯರು ಹೇಳಿಕೊಟ್ಟದ್ದು ಹಾಗೇ ಉಳಿದಿತ್ತು.

ಹೇಳುವಾಗ ಆಕೆ ಅಳಲಿಲ್ಲ. ಕೈ ಕಡಲೆಯ ಮೇಲೇ ಆಡುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದಳು, "ಅಕ್ಕೋರ, ಆ ಹೊಸಾ ಹುಡುಗಿಗೆ ಯಾರರ ಹೇಳ್ತಾರೇನ್ರಿ, ಮೊದಲಿನಾಕಿ ಹಿಂಗ ನಡೀತಿದ್ಲು, ಹಿಂಗ ಅಳತಿದ್ಲು ಅಂತ? ಇಲ್ಲಾ, ತನ್ನ ಹಂಗ ತಾ ನಡದರ ನಡೀತೈತೇನು?"

ನಿರ್ದೇಶಕ ಅಂತ ಒಬ್ಬರು ಇರುತ್ತಾರೆ, ಅವರು ಹೇಳಿಕೊಡುತ್ತಾರೆ ಎಂದೆ.

"ಹಂಗಾರ ಆಕಿಗೆ ಹೇಳಾವ್ರರ ಅದಾರ" ಎಂದು ಮೊರವನ್ನು ಕೊಡವಿದಳು.

ಬೇಸಿಗೆಯಲ್ಲಿ ಮಂಜುನಾಥನ ಮದುವೆ ಗೊತ್ತಾಯಿತು. ನಮ್ಮ ಕಡೆ ಮದುವೆಯಲ್ಲಿ ಸುರಗಿ ಎಂಬ ಶಾಸ್ತ್ರವಿದೆ. ನಾಲ್ಕು ಮೂಲೆಗೆ ನೀರಿನ ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಮದುಮಗನ ಜೊತೆ ಅವನ ತಾಯಿಯನ್ನು ಕೂರಿಸಿ ನೀರೆರೆಯುತ್ತಾರೆ. ಮದುವೆಯ ಸೀರೆಗಳು ಬಂದ ದಿನ ನೀಲವ್ವ ತನ್ನ ಪೆಟ್ಟಿಗೆಯಿಂದ ಹಸಿರು ಇಳಕಲ್ ಸೀರೆಯೊಂದನ್ನು ತೆಗೆದು ಬಕೆಟ್ಟಿನಲ್ಲಿ ನೆನೆಹಾಕಿದಳು. ಹಿಂಡಿ ನೋಡಿದಳು, ಒಣಗಿಸಿ ಇನ್ನೊಮ್ಮೆ ನೆನೆಹಾಕಿದಳು. ಯಾಕೆಂದು ಕೇಳಿದ್ದಕ್ಕೆ, "ನೀರ ಬಿದ್ರ ಬಣ್ಣಾ ಬಿಡ್ತೈತೇನಂತ ನೋಡಾಕತ್ತೀನ್ರಿ" ಎಂದು ಮುಖ ತಿರುಗಿಸಿದಳು. ಆಕೆಗೆ ಬೇಕಾದದ್ದು ಏನೆಂದು ನನಗೆ ತಿಳಿಯಿತು. ಆ ನೂಲಿನೊಳಗೆ ಮಂಜುವಿನ ಪಕ್ಕ ಕೂರುವುದು, ಅಷ್ಟೇ. ತಾನಾಗಿ ಕೇಳುವವಳಲ್ಲ. ಅವನೇ ಬಾ ಎನ್ನಬೇಕು ಎಂದು ಕಾದಿದ್ದಳು.

ಸುರಗಿಯ ಮುಂಜಾನೆ ಅಂಗಳದಲ್ಲಿ ಮಣೆ ಹಾಕಿದರು. ಹಡೆದವಳಿಲ್ಲದಿದ್ದರೆ ಯಾರು ಕೂರಬೇಕು ಎಂದು ಹಿರಿಯರು ಚರ್ಚೆಗೆ ಇಳಿದರು. ಮಂಜುನಾಥನ ಸೋದರತ್ತೆ ಅಣ್ಣಿಗೇರಿಯಿಂದ ಬಂದಿದ್ದಳು. ಆಕೆ ಕೂರಲಿ ಎಂದರು ಕೆಲವರು, ಚಿಗವ್ವನೂ ತಾಯಿಯೇ ಅಲ್ಲವೇ ಎಂದರು ಕೆಲವರು. ಆ ಮಾತು ಆಡಿದವರಲ್ಲಿ ಶಂಕ್ರವ್ವನೂ ಒಬ್ಬಳು, ಅದನ್ನು ಇಲ್ಲಿ ಹೇಳಲೇಬೇಕು. ಕಡೆಗೆ ಮದುಮಗನನ್ನೇ ಕೇಳಿದರು. ನೀಲವ್ವ ಬಚ್ಚಲಿನಿಂದ ಬಿಸಿನೀರಿನ ಕೊಡ ಹೊತ್ತು ತರುತ್ತಿದ್ದಳು. ಹಸಿರು ಸೀರೆ ಉಟ್ಟಿದ್ದಳು.

"ಚಿಗವ್ವ ನಾಕ ದಿನದಿಂದ ನಿಂತ ಕಾಲಮ್ಯಾಲ ಅದಾಳ, ಅಗದಿ ದಣದಾಳ. ಆಕಿನ್ನ ಮತ್ತ ಯಾಕ ಕಾಡತೀರಿ? ಅತ್ತಿನ ಕುಂಡರ್ಲಿ" ಎಂದ ಮಂಜುನಾಥ.

ಅವನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನನಗೆ ಹೆಚ್ಚು ಸಿಟ್ಟು ಬಂದದ್ದೇ ಅದಕ್ಕೆ. ಕೆಟ್ಟ ಮನಸ್ಸಿನಿಂದ ಅಂದಿದ್ದರೆ ಯಾರಾದರೂ ಜಗಳಕ್ಕೆ ನಿಲ್ಲಬಹುದಿತ್ತು. ಫಕ್ಕೀರಪ್ಪ ನೆಲ ನೋಡಿದ. ನೀಲವ್ವ ಕೊಡ ಇಳಿಸಿ, "ಹೌದಪಾ, ಅತ್ತಿನ ಕುಂಡರ್ಲಿ. ನೀರ ಸುಡಾಕತ್ತಾವ್ರಿ, ತಣ್ಣೀರ ಬೆರಸ್ರಿ" ಎಂದು ಇನ್ನೊಂದು ಕೊಡ ತರಲು ಹೋದಳು. ಆ ಸೀರೆಯ ಮೇಲೆ ಒಂದು ಹನಿ ನೀರೂ ಬೀಳಲಿಲ್ಲ.

ಮದುವೆ ಮುಗಿದು ನೆಂಟರೆಲ್ಲ ಹೋದರು. ನನಗೆ ಕಲಘಟಗಿ ಕಡೆಯ ಶಾಲೆಗೆ ವರ್ಗವಾಗಿತ್ತು. ಹೊರಡುವ ಹಿಂದಿನ ಸಂಜೆ, ಕಟ್ಟಿಟ್ಟ ಸಾಮಾನು ಬಿಟ್ಟು ಕಡೆಯ ಸಲ ಪಡಸಾಲೆಗೆ ಬಂದು ಕೂತೆ. ನೀಲವ್ವ ಗೋಡೆಗೊರಗಿದ್ದಳು. ಅಷ್ಟು ಸುಸ್ತಾದ ಮುಖ ನಾನು ನೋಡಿರಲಿಲ್ಲ. ಧಾರಾವಾಹಿಯಲ್ಲಿ ಹೊಸ ಪಾವನಾ ಅತ್ತೆಗೆ ಎದುರು ಮಾತಾಡುತ್ತಿದ್ದಳು. ಶಂಕ್ರವ್ವ ಹಿಗ್ಗಿ ಹೀರೇಕಾಯಿಯಾಗಿದ್ದಳು. "ಭಲೆ ನಮ್ಮವ್ವ! ಹಿಂಗ ಇರಬೇಕು. ಮೊದಲಿನಾಕಿಗೆ ಇಷ್ಟ ಧೈರ್ಯ ಎಲ್ಲಿತ್ತು? ಅಲ್ಲ ಬೇ, ಆಕಿ ಮಾರಿ ಹೆಂಗಿತ್ತು? ನೆನಪ ಬರವಲ್ದು" ಎಂದಳು. ಬೇರೆ ಯಾರಿಗೂ ನೆನಪಾಗಲಿಲ್ಲ.

ನೀಲವ್ವ ನನ್ನ ಕಡೆ ವಾಲಿ ಮೆಲ್ಲಗೆ ಅಂದಳು, "ಯುಗಾದಿಗೆ ಬಂದಾಕಿನ್ನ ಬಸವ ಜಯಂತಿ ಆಗೂದ್ರಾಗ ತಮ್ಮಾಕಿ ಮಾಡ್ಕೊಂಡ್ರು ನೋಡ್ರಿ ಅಕ್ಕೋರ. ನಾನೂ ಟಿವಿಯಾಗರ ಲಗ್ನ ಆಗಬೇಕಿತ್ತು."

ಅಷ್ಟರಲ್ಲಿ ಹೊಸ ಸೊಸೆ ಒಳಗಿಂದ ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಇನ್ನೂ ಮದುವೆಯ ಹಸಿರು ಬಳೆ. ಶಂಕ್ರವ್ವ ಕೂಡಲೇ ಆಕೆಗೆ ಕಥೆಯನ್ನೆಲ್ಲ ಹೇಳಿ, ಮೊದಲು ಈ ಪಾತ್ರದಲ್ಲಿ ಬೇರೆಯವಳಿದ್ದಳೆಂದೂ ತಿಳಿಸಿದಳು. ಹುಡುಗಿ ಪರದೆ ನೋಡಿದಳು.

"ನಾ ಮೊದಲಿನಾಕಿನ್ನ ನೋಡೇ ಇಲ್ಲಲ್ರಿ. ನನಗ ಇಕಿನ ಪಾವನಾ" ಎಂದಳು. ಆಮೇಲೆ ಪಕ್ಕಕ್ಕೆ ತಿರುಗಿ, "ಅತ್ತಿ, ಮಧ್ಯಾಹ್ನದಿಂದ ನೀವು ಏನೂ ಉಂಡಿಲ್ರಿ. ಏಳ್ರಿ" ಎಂದಳು.

ನೀಲವ್ವ ಆಕೆಯ ಮುಖವನ್ನೇ ನೋಡಿದಳು. ಟಿವಿಯಲ್ಲಿ ಪಾವನಾಳ ಮಾವ ಬಂದು ಏನೋ ನ್ಯಾಯ ಹೇಳತೊಡಗಿದ್ದರು. ಈಕೆ ಅತ್ತ ತಿರುಗಲೇ ಇಲ್ಲ. "ನೀ ಉಂಡೇನವಾ?" ಎಂದು ಕೇಳಿದಳು.

"ಇಲ್ರಿ. ನೀವು ಉಣ್ಣೂಮಟ ಹೆಂಗ ಉಣ್ಣಲಿ?"

ಹುಡುಗಿ ಚಾಚಿದ ಕೈ ಹಿಡಿದುಕೊಂಡು ನೀಲವ್ವ ಮೊಣಕಾಲು ಒತ್ತಿ ಎದ್ದಳು. ಕಥೆ ಇನ್ನೂ ಅರ್ಧ ಬಾಕಿ ಇತ್ತು. "ಎಲ್ಲಿಗೆ ಬೇ, ಈಗ ಚೊಲೊ ನಡದೈತಿ!" ಎಂದು ಶಂಕ್ರವ್ವ ಕೂಗಿದಳು. ಅಡಿಗೆಮನೆಯಲ್ಲಿ ಇಬ್ಬರು ತಾಟಿಗೆ ಬಡಿಸಿಕೊಳ್ಳುವ ಸದ್ದು ಕೇಳಿಸಿತು. ಮರುದಿನ ಮುಂಜಾನೆಯ ಬಸ್ಸಿಗೆ ನಾನು ಸಂಶಿ ಬಿಟ್ಟೆ.