ಜೊತೆಗೆ ಜನ ಬೇಕೆಂದ ಸಿಸ್ಟರ್

ಎಡಗಾಲು ಊರುವಾಗಲೆಲ್ಲ ಸಿಸ್ಟರ್ ತುಸು ವಾಲುತ್ತಿದ್ದರು. ಹೆಗಲಲ್ಲಿ ಸದಾ ಬಿ.ಪಿ. ಯಂತ್ರದ ಚೀಲ ಇರುತ್ತಿದ್ದುದರಿಂದ ಅದರ ಭಾರಕ್ಕೇ ಹಾಗೆ ಎಂದುಕೊಂಡಿದ್ದೆ. ಕರ್ಕಿಯ ಕಡೆ ಮನೆಮನೆ ತಿರುಗುವ ಸರ್ಕಾರಿ ನರ್ಸ್ ಅವರು, ಊರಿಗೆಲ್ಲ ಸಿಸ್ಟರ್.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ತಪಾಸಣೆಗೆ ಶಾಲೆಗೆ ಬಂದರು. ನನ್ನ ದಪ್ಪ ತೋಳಿಗೆ ಸುತ್ತಿದ ಬಿ.ಪಿ. ಪಟ್ಟಿ ಗಾಳಿ ತುಂಬುತ್ತಿದ್ದಂತೆ ಚರ್ರನೆ ಬಿಚ್ಚಿಕೊಂಡಿತು. ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಕೈ ಕಿತ್ತುಕೊಂಡು ಮನೆಗೆ ಓಡಿದವಳು ಇನ್ನು ಶಾಲೆಗೇ ಹೋಗುವುದಿಲ್ಲ ಎಂದು ಹಟ ಹಿಡಿದೆ.

ಮೂರನೆಯ ದಿನ ಸಿಸ್ಟರ್ ಮನೆಗೇ ಬಂದರು, ಕುಮಟಾದಿಂದ ತರಿಸಿದ ದೊಡ್ಡ ಪಟ್ಟಿಯೊಂದಿಗೆ.

"ತಪ್ಪು ನಿನ್ನ ತೋಳಿಂದಲ್ಲ ತಂಗಿ, ಪಟ್ಟಿದು. ಸಣ್ಣ ಪಟ್ಟಿ ಸುಳ್ಳು ಹೇಳ್ತದೆ."

ಐದು ನಿಮಿಷ ಮಾತಾಡಿಸದೆ ಕೂರಿಸಿ ಅಳೆದರು. ವಾರ ಬಿಟ್ಟು ಎರಡು ಸಲ ಮತ್ತೆ ಬಂದು ಅಳೆದರು. ದೊಡ್ಡ ಪಟ್ಟಿಯೂ ಒತ್ತಡ ಜಾಸ್ತಿಯೆಂದೇ ಹೇಳಿತು.

ಅಮ್ಮ ನಂಬಲಿಲ್ಲ. "ಬಿ.ಪಿ. ಮುದುಕರಿಗೆ ಬರೂದಲ್ವಾ ಸಿಸ್ಟರ್? ಇವ್ಳು ಉಂಡುತಿಂದು ಪುಷ್ಟಿಯಾಗಿದಾಳೆ, ಅಷ್ಟೆ."

"ಕೊಬ್ಬು ಸುಮ್ನೆ ಕೂತದೆ ಅಂದ್ಕಳಬೇಡಿ ಅಕ್ಕಾ. ಅದೂ ಹಾರ್ಮೋನ್ ಮಾಡ್ತದೆ, ರಕ್ತಕ್ಕೆ ಬಿಡ್ತದೆ. ಅದು ಹೆಚ್ಚುಕಮ್ಮಿ ಆದ್ರೆ ಒತ್ತಡ ಏರ್ತದೆ. ಉಪಾಸ ಕೆಡವಬೇಡಿ, ಉಪ್ಪಿನಕಾಯಿ ಒಣಮೀನು ಕಡಿಮೆ ಮಾಡಿ ಸಾಕು."

ಹೊನ್ನಾವರದ ಡಾಕ್ಟರು ಗುಳಿಗೆ ಈಗಲೇ ಬೇಡ, ದಿನಾ ನಡೆಯಲಿ ಎಂದರು. ಊರವರ ಕಣ್ಣಿಗೆ ಬೀಳಲು ನಾನು ಒಪ್ಪಲಿಲ್ಲ. ಆಗ ಸಿಸ್ಟರ್, "ಸಂಜೆ ನಡೆಯೂಕೆ ನಂಗೆ ಒಬ್ಳಿಗೇ ಬೇಜಾರು. ಜೊತೆಗೆ ಜನ ಬೇಕಿತ್ತು. ಬರ್ತ್ಯಾ?" ಎಂದರು. ಪಾಪ, ಅವರಿಗೆ ಜೊತೆಯಾಗೋಣವೆಂದು ಹೊರಟೆ. ಮರುದಿನದಿಂದ ಶಾಲೆಗೂ ಹೋದೆ.

ಎರಡು ವರ್ಷ ಸಮುದ್ರದವರೆಗೆ ಹೋಗಿ ಬಂದೆವು. ದಾರಿಯಲ್ಲಿ ಯಾರಾದರೂ ನನ್ನನ್ನು ನೋಡಿ ನಕ್ಕರೆ, "ಎಂತ, ನಿಮ್ಮ ಬಿ.ಪಿ. ನೋಡ್ಲಾ?" ಎಂದು ಚೀಲಕ್ಕೆ ಕೈಹಾಕುತ್ತಿದ್ದರು. ನಗು ಅಲ್ಲಿಗೇ ನಿಲ್ಲುತ್ತಿತ್ತು. ನಾನೇನೂ ಬಳುಕುವ ಬಳ್ಳಿಯಾಗಲಿಲ್ಲ. ಒತ್ತಡ ಮಾತ್ರ ಇಳಿಯಿತು. ಅದು ಸರಿಹೋದ ದಿನ "ಆತು" ಎಂದಷ್ಟೇ ಹೇಳಿ ಪಟ್ಟಿ ಬಿಚ್ಚಿದರು.

ಕಳೆದ ವರ್ಷ ಸಿಸ್ಟರ್ ತೀರಿಕೊಂಡರು. ಮನೆಗೆ ಹೋದಾಗ ಅವರ ಮಗಳು ಹೇಳಿದಳು: "ಅಮ್ಮಂಗೆ ನಡೆಯೂದು ಅಂದ್ರೇ ಆಗ್ತಿರ್ಲಿಲ್ಲ. ಅವ್ಳು ಸಣ್ಣವಳಿದ್ದಾಗ ಬಿದ್ದು ಎಡಮಂಡಿ ಮುರಿದಿತ್ತು. ನಿಮ್ಮ ಜೊತೆ ಹೋಗಿ ಬಂದ ಮೇಲೆ ದಿನಾ ನಾನೇ ಎಣ್ಣೆ ತಿಕ್ತಿದ್ದೆ."

ಚೀಲ ಯಂತ್ರದ ಸಮೇತ ಗೋಡೆಯ ಮೊಳೆಯಲ್ಲಿತ್ತು. ಎತ್ತಿ ನೋಡಿದೆ. ಅದಕ್ಕೆ ಭಾರವೇ ಇರಲಿಲ್ಲ.