ಡಾಕ್ಟರಮ್ಮನಿಗೆ ಹೇಳದ ಸಾವುಗಳು

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷ ನಾನು ಹೈದರಾಬಾದಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ವೈದ್ಯಕೀಯ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದೆ. ಚಿಕಿತ್ಸೆ ಪಡೆದವರು ಎಷ್ಟು ಕಾಲ ಬದುಕಿದರೆಂದು ಲೆಕ್ಕ ಹಾಕುವುದು ನನ್ನ ಕೆಲಸ. ರೋಗಿಗಳಿಗೆ ಚಿಕಿತ್ಸೆ ಕೊಡುವ ಧಾರವಾಡದ ಡಾ. ಶೈಲಜಾ ನನ್ನ ಜೊತೆಗೇ ಸೇರಿದವಳು. ಸಭೆಯಲ್ಲಿ ಚಪ್ಪಾಳೆಯೆಲ್ಲ ಅವಳಿಗೆ, ಕೊನೆಯಲ್ಲೊಂದು ಕೃತಜ್ಞತೆ ನನಗೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಅವಳ ಕಡಿಮೆ ಡೋಸಿನ ಚಿಕಿತ್ಸೆಯ ಸರ್ವೈವಲ್ ಗ್ರಾಫ್, ಅಂದರೆ ಎಷ್ಟು ಮಂದಿ ಬದುಕುಳಿದರೆಂದು ತೋರಿಸುವ ಗೆರೆ, ಎಲ್ಲಕ್ಕಿಂತ ಮೇಲಿತ್ತು. ಮುಂದೆ ಎಲ್ಲ ರೋಗಿಗಳಿಗೂ ಅದನ್ನೇ ಕೊಡಲು ಸಮಿತಿ ಒಪ್ಪುವುದರಲ್ಲಿತ್ತು. ಇಷ್ಟು ಚೆಂದ ಹೇಗೆ ಬಂತೆಂದು ನಾನು ಮೊಸರಲ್ಲಿ ಕಲ್ಲು ಹುಡುಕಲು ಕೂತೆ.

ಸಂಪರ್ಕ ತಪ್ಪಿದ ರೋಗಿಯನ್ನು ನಾವು ‘ಸೆನ್ಸರ್ಡ್’ ಎನ್ನುತ್ತೇವೆ. ಕೊನೆಯ ಸಲ ಕಂಡಾಗ ಬದುಕಿದ್ದರು, ಆಮೇಲೂ ಉಳಿದ ರೋಗಿಗಳಂತೆಯೇ ಬದುಕಿದ್ದಾರು ಎಂದು ಲೆಕ್ಕ ನಂಬುತ್ತದೆ. ಶೈಲಜಾಳ ರೋಗಿಗಳಲ್ಲಿ ಅಂಥವರು ವಿಪರೀತ. ಹೆಚ್ಚಿನವರು ಬೀದರ್, ಕಲಬುರಗಿ ಕಡೆಯವರು. ಕೊಂಡಾಪುರದ ನನ್ನ ಮನೆಯಿಂದ, ಸ್ವಂತ ಮೊಬೈಲಿನಿಂದ ಅವರಿಗೆ ಫೋನ್ ಹಚ್ಚಿದೆ.

ಬೀದರಿನಲ್ಲಿ ಒಬ್ಬ ರೋಗಿಯ ಹೆಂಡತಿ ಎತ್ತಿದಳು. “ಅವರ ವರ್ಷದ ತಿಥಿ ಸೈತ ಮುಗೀತ್ರಿ.”

“ದವಾಖಾನಿಯವರಿಗೆ ಯಾಕ ಹೇಳ್ಲಿಲ್ರಿ?”

“ಹೆಂಗ ಹೇಳೋದ್ರಿ? ಶೈಲಜಾ ಮೇಡಮ್ಮಾರು ಒಡಹುಟ್ಟಿದ ತಮ್ಮನ ಹಂಗ ನೋಡ್ಕೊಂಡಿದ್ರು. ಕೇಳಿದ್ರ ಅವರ ಜೀವಕ್ಕ ಸಂಕಟ ಆಗ್ತೈತಿ ಅಂತ ದವಾಖಾನಿ ನಂಬರ್ ಬಂದ್ರ ಎತ್ತೋದೇ ಬಿಟ್ವಿ.”

ಇನ್ನೊಬ್ಬ ರೋಗಿಯ ಮಗ ಇಲ್ಲೇ ಹೈದರಾಬಾದಿನ ಬಾಲಾನಗರದ ಕಾರ್ಖಾನೆಯೊಂದರಲ್ಲಿದ್ದ; ಅವನೂ ಅದನ್ನೇ ಹೇಳಿದ. ಮನೆ ಮನೆಯಲ್ಲೂ ಅದೇ ಮಾತು. ಅವಳ ಮೇಲಿನ ಪ್ರೀತಿಗೆ ಸಾವನ್ನು ಮುಚ್ಚಿಟ್ಟಿದ್ದರು, ಅದಕ್ಕೇ ಗ್ರಾಫ್ ಕೆಳಗಿಳಿಯದೆ ಉಳಿದಿತ್ತು. ಸತ್ತವರನ್ನು ಸೇರಿಸಿ ಎಳೆದಾಗ ಅದು ಹಳೆಯ ಚಿಕಿತ್ಸೆಗಿಂತ ಕೆಳಗಿಳಿಯಿತು.

ಸಮಿತಿಗಿಂತ ಮೊದಲು ಅದನ್ನು ಶೈಲಜಾಳ ಮೇಜಿನ ಮೇಲಿಟ್ಟೆ. ಕೆಳಗಿಳಿದ ಗೆರೆಯ ಮೇಲೆ ಬೆರಳಾಡಿಸಿ ನನ್ನ ಕಡೆ ತಿರುಗಿದಳು.

“ನಿಮಗ ಖುಷಿ ಆಗೇತಿ, ಹೌದಲ್ರಿ?”

“ಹೌದ್ರಿ, ಆಗೇತಿ.”

“ಆಗ್ಲಿ ಬಿಡ್ರಿ. ನೀವು ಹುಡುಕದಿದ್ರ ಇನ್ನೂ ಎಷ್ಟು ಮಂದಿಗೆ ಇದನ್ನ ಕೊಡ್ತಿದ್ನೋ.”

ಮರುದಿನ ತಾನೇ ಸಮಿತಿಯ ಮುಂದೆ ನಿಂತು ಆ ಚಿಕಿತ್ಸೆಯನ್ನು ಹಿಂದಕ್ಕೆ ಪಡೆದಳು. ಎಂಥ ಪ್ರಾಮಾಣಿಕಳೆಂದು ಅದಕ್ಕೂ ಅವಳಿಗೇ ಚಪ್ಪಾಳೆ.

ಗ್ರಾಫ್ ತೀರಾ ಚೆಂದ ಕಂಡರೆ ನಿಮ್ಮ ಮೇಲೆ ಹೊಟ್ಟೆಕಿಚ್ಚಿರುವವರಿಗೆ ತೋರಿಸಿ; ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನನ್ನ ಕಿಚ್ಚು ಮಾತ್ರ ಇಂದಿಗೂ ಆರಿಲ್ಲ. ನನಗೆ ನೋವಾದೀತೆಂದು ಯಾರೂ ಈವರೆಗೆ ಒಂದು ಸಾವನ್ನೂ ಮುಚ್ಚಿಟ್ಟಿಲ್ಲ.